ಹನ್ನೆರಡು ಪೊಲೀಸರು, ಒಂದು ಊರುಗೋಲು

ಥಾರ್ನ್‌ಬೆಕ್, ಇಂಗ್ಲೆಂಡ್

ಮಾನ್ಯ ಪೊಲೀಸ್ ಮುಖ್ಯಾಧಿಕಾರಿಗಳೇ,

ಚರಿತ್ರೆಯಲ್ಲಿ ದಾಖಲಾಗಬೇಕಾದ ಸುದ್ದಿ: ಮಂಗಳವಾರ ನನ್ನ ಊರುಗೋಲು ಹನ್ನೆರಡು ಪೊಲೀಸರ ಬೆಂಗಾವಲಿನಲ್ಲಿ ಮೆರವಣಿಗೆ ಹೊರಟಿತು. ನಮ್ಮೂರಲ್ಲಿ ಅನಿಲ ಬಾವಿ ಬೇಡವೆಂದು ನಾನು ವಾರವಾರವೂ ಅದನ್ನು ಕೊರೆಯುವ ಕಂಪನಿಯ ಲಾರಿಯ ಮುಂದೆ ನಿಧಾನವಾಗಿ ನಡೆಯುತ್ತೇನೆ. ಎಪ್ಪತ್ತೊಂಬತ್ತರ ವಯಸ್ಸಿನಲ್ಲಿ ಬೇರೆ ವೇಗವೂ ಇಲ್ಲ.

ಅದೇ ಹೊತ್ತಿಗೆ ಪಕ್ಕದ ಮನೆಯ ಮ್ಯೂರಿಯಲ್‌ಳ ಬಾಗಿಲು ಒಡೆದು ಕಳ್ಳ ನುಗ್ಗಿದ. ಆಕೆ ಫೋನ್ ಮಾಡಿದರೆ ಠಾಣೆಯವರು, “ಕಳಿಸೋಕೆ ಯಾರೂ ಇಲ್ಲ ಕಣಮ್ಮ, ಎಲ್ರೂ ಬಾವಿ ಹತ್ರ ಇದಾರೆ” ಅಂದರಂತೆ. ಇದ್ದರು, ಹೌದು. ಒಬ್ಬ ನನ್ನ ಬಿಸ್ಕತ್ತು ತಿನ್ನುತ್ತಿದ್ದ.

ಆ ಕಾವಲಿನ ಖರ್ಚು ಕೊಡುವುದು ಕಂಪನಿಯಲ್ಲ, ಮ್ಯೂರಿಯಲ್‌ಳ ತೆರಿಗೆ! ಅವಳೀಗ ಮುರಿದ ಬಾಗಿಲಿಗೆ ಕುರ್ಚಿ ಆನಿಸಿ ಅದರಲ್ಲೇ ಮಲಗುತ್ತಾಳೆ.

ಮುಂದಿನ ಮಂಗಳವಾರ ನನಗೆ ಹನ್ನೊಂದೇ ಜನ ಸಾಕು. ಹನ್ನೆರಡನೆಯವನನ್ನು ದಯವಿಟ್ಟು ಅವಳ ಮನೆಗೆ ಕಳಿಸಿ. ನಾನು ಓಡಿಹೋಗುವುದಿಲ್ಲ.

ಇಂತಿ ತಮ್ಮ ತೆರಿಗೆದಾರಳು,
ಹಿಲ್ಡಾ ಎಂಟ್ವಿಸಲ್