ದ್ಯಾಮವ್ವನ ಆರು ಚಿತ್ರಗಳು

ಕೊಪ್ಪಳ, ೨೧೭೧ನೆಯ ಇಸವಿ, ಹದಿಮೂರನೆಯ ತಿಂಗಳ ನಾಲ್ಕನೆಯ ದಿನ

ಮಾತ್ರೆಯೊಳಗೆ ಕ್ಯಾಮೆರಾ ಇಟ್ಟು ನುಂಗಿಸುವುದನ್ನು ಈಗಷ್ಟೇ ರೂಢಿ ಮಾಡಿಕೊಳ್ಳುತ್ತಿರುವ ಹಿರಿಯರಿಗೆ ನೀಲಾಂಬಿಕೆಯ ನಮಸ್ಕಾರಗಳು.

ತಾರೀಖು ಕಂಡು ಬೆಚ್ಚಬೇಡಿ. ನಮ್ಮ ವರ್ಷಕ್ಕೆ ಇಪ್ಪತ್ತೆಂಟು ದಿನಗಳ ಹದಿಮೂರು ತಿಂಗಳು. ನಿಮಗೆ ಒಗ್ಗದ ಪದಗಳು ಬಂದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಕಾಗದಗಳಿಂದ ಕಲಿತವಳು. ಈ ಪತ್ರ ನಿಮ್ಮನ್ನು ಮುಟ್ಟುತ್ತದೆಯೋ ಇಲ್ಲವೋ ಗೊತ್ತಿಲ್ಲ. ನನ್ನ ಕಾಲದವರ ಮುಂದೆ ಹೇಳಬೇಕಾದ್ದನ್ನು ಹೇಳಿ ಮುಗಿಸಿದ್ದೇನೆ. ನಿಮಗೂ ಹೇಳಬೇಕು, ಯಾಕೆಂದರೆ ನಾವು ಪಾಲಿಸುವ ನಿಯಮಗಳನ್ನು ಮೊದಲು ಬರೆಯುವವರು ನೀವು.

ನಿಮ್ಮ ಮಾತ್ರೆ ಕ್ಯಾಮೆರಾವನ್ನು ನಾವು ‘ಒಳಗಣ್ಣು’ ಎನ್ನುತ್ತೇವೆ. ನಲವತ್ತು ದಾಟಿದ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆ ಅದನ್ನು ನುಂಗುತ್ತಾರೆ. ಬಿಸಿಲಿಗೆ ಹೆದರಿ ನಮ್ಮಲ್ಲಿ ಸಂತೆ, ಶಾಲೆ, ಕಚೇರಿ ಎಲ್ಲವೂ ಬೆಳಿಗ್ಗೆ ಹತ್ತಕ್ಕೇ ಮುಚ್ಚುತ್ತವೆ. ಅಷ್ಟರೊಳಗೆ ಓಣಿಯ ಹೆಂಗಸರು ಬರಿಹೊಟ್ಟೆಯಲ್ಲಿ ಕಟ್ಟೆಯ ಮೇಲೆ ಸಾಲಾಗಿ ಕೂತು, ಹುಣಸೆಬೀಜದಷ್ಟು ದಪ್ಪದ ಒಳಗಣ್ಣನ್ನು ಒಂದು ಗುಟುಕು ನೀರಿನೊಡನೆ ಇಳಿಸಿ, ಹಸಿವು ಮರೆಯಲು ಹರಟೆಗೆ ತೊಡಗುತ್ತಾರೆ. ಅದು ಎಂಟು ಹತ್ತು ಗಂಟೆ ಕರುಳಿನುದ್ದಕ್ಕೂ ಸಾಗುತ್ತ ಅರವತ್ತು ಸಾವಿರ ಚಿತ್ರ ಕಳಿಸುತ್ತದೆ. ಮೊದಲು ಯಂತ್ರ ನೋಡುತ್ತದೆ. ಆಮೇಲೆ ಒಬ್ಬ ಮನುಷ್ಯ ಅಷ್ಟನ್ನೂ ನೋಡಿ, ‘ನೋಡಿದ್ದೇನೆ’ ಎಂಬ ಚೌಕದ ಮೇಲೆ ಹೆಬ್ಬೆರಳು ಒತ್ತಬೇಕು. ಆ ಕೆಲಸದವರನ್ನು ನೋಟಗಾರರು ಎನ್ನುತ್ತಾರೆ. ನಾನು ಇಪ್ಪತ್ತಾರು ವರ್ಷ ನೋಟಗಾರ್ತಿಯಾಗಿದ್ದೆ.

ಹನ್ನೊಂದು ವರ್ಷದ ಹಿಂದೆ ದ್ಯಾಮವ್ವ ನನ್ನ ಬಳಿ ಬಂದಳು. ಮರದ ಗೊಂಬೆಗಳಿಗೆ ಬಣ್ಣ ಹಚ್ಚುವವಳು, ಐವತ್ತೆರಡರ ಪ್ರಾಯ. ನನ್ನ ತವರಿನ ಓಣಿಯವಳೇ. “ಯಕ್ಕಾ, ಕುಂಚ ಹಿಡದ್ರ ಕೈ ಸೋಲತೈತಿ. ಮೊದಲ ಹಿಂಗ ಇರಲಿಲ್ಲ,” ಎಂದಳು. ಮೈಯಲ್ಲಿ ರಕ್ತ ಇಳಿದಿತ್ತು. ಅದು ಎಲ್ಲಿ ಸೋರುತ್ತಿದೆ ಎಂದು ತಿಳಿಯಬೇಕಿತ್ತು. ಮಗಳು ರೇಣವ್ವ ಕೈಹಿಡಿದು ಕರೆತಂದಿದ್ದಳು. ಹಿಂದಿನ ದಿನ ಏನೂ ತಿನ್ನಬಾರದೆಂದು ಹೇಳಿ, ಎರಡು ದಿನ ಬಿಟ್ಟು ಒಳಗಣ್ಣು ನುಂಗಿಸಿ ಕಳಿಸಿದೆವು.

ಅವಳ ಚಿತ್ರಗಳು ನನ್ನ ಮುಂದೆ ಬಂದ ದಿನ ನನ್ನ ತಂಗಿಯ ಮಗಳ ಸೀಮಂತ. ಯಂತ್ರ ‘ದೋಷವಿಲ್ಲ’ ಎಂದಿತ್ತು. ಮೊದಲ ಇಪ್ಪತ್ತು ಸಾವಿರವನ್ನು ಸರಿಯಾಗಿಯೇ ನೋಡಿದೆ. ಆಮೇಲೆ ವೇಗ ಹೆಚ್ಚಿಸಿದೆ. ಆಮೇಲೆ, ಮುಚ್ಚುಮರೆ ಯಾಕೆ, ಚಿತ್ರಗಳು ತಮ್ಮಷ್ಟಕ್ಕೆ ಓಡುತ್ತಿದ್ದವು, ನಾನು ಕನ್ನಡಿಯ ಮುಂದೆ ಹೂ ಮುಡಿಯುತ್ತಿದ್ದೆ. ತಿರುಗಿ ಬಂದು ಹೆಬ್ಬೆರಳು ಒತ್ತಿದೆ.

ಏಳು ತಿಂಗಳಾದ ಮೇಲೆ ದ್ಯಾಮವ್ವನನ್ನು ಎತ್ತಿಕೊಂಡು ಬಂದರು. ಸಣ್ಣಕರುಳಿನಲ್ಲಿ ಗಡ್ಡೆ, ಲಿವರಿಗೂ ಹಬ್ಬಿತ್ತು. ನಾನು ಬಾಗಿಲು ಹಾಕಿಕೊಂಡು ಹಳೆಯ ಚಿತ್ರಗಳನ್ನು ತೆರೆದೆ. ಮೂವತ್ತೊಂದು ಸಾವಿರ ದಾಟಿದ ಮೇಲೆ, ಸಾಲಾಗಿ ಆರು ಚಿತ್ರಗಳಲ್ಲಿ ಅದು ಇತ್ತು. ಕಡಲೆಕಾಳಿನಷ್ಟು, ಕೆಂಪಗೆ, ಅಂಚಿನಲ್ಲಿ ರಕ್ತ ಜಿನುಗುತ್ತ. ನಿನ್ನೆ ಕೆಲಸಕ್ಕೆ ಸೇರಿದವರೂ ಗುರುತಿಸುವಂಥದ್ದು.

ಮಾತಾಡಿಸಲು ಹೋದಾಗ ಅವಳು ನನ್ನ ಕೈ ಹಿಡಿದುಕೊಂಡಳು. “ನೀ ನೋಡೀದಿ ಅಂತ ನಾ ಧೈರ್ಯದಾಗ ಇದ್ದೆ ಯಕ್ಕಾ. ಆವಾಗ ಇದು ಇರಲಿಲ್ಲ, ಹೌದಲ್ಲ?”

“ಇರಲಿಲ್ಲ,” ಎಂದೆ.

ಮೂರು ವಾರಕ್ಕೆ ಅವಳು ತೀರಿಕೊಂಡಳು.

ವಿಚಾರಣೆ ನಡೆಯಿತು. ಮೊದಲೇ ಯಾಕೆ ಕಾಣಲಿಲ್ಲ ಎಂಬ ಪ್ರಶ್ನೆ ಬಂದಾಗ ರೇಣವ್ವನೇ ಎದ್ದು ನಿಂತಳು. “ಹಿಂದಿನ ದಿನ ಅವ್ವಗ ಹಸಿವು ತಡಿಲಿಲ್ರಿ. ಏನೂ ಕೊಡಬ್ಯಾಡ ಅಂದಿದ್ರು. ನಾನ ಎರಡು ಬಟ್ಟಲ ಗಂಜಿ ಕುಡಿಸೀನಿ,” ಎಂದು ಅತ್ತಳು. ಅಧಿಕಾರಿ ನನ್ನತ್ತ ತಿರುಗಿ, “ಹಾಗಾದರೆ ಚಿತ್ರ ಮಸುಕಾಗಿರಬೇಕು, ಅಲ್ಲವೇ?” ಎಂದರು. ಚಿತ್ರಗಳು ತೊಳೆದಿಟ್ಟ ಗಾಜಿನಂತೆ ಸ್ವಚ್ಛವಾಗಿದ್ದವು. ನಾನು ಹೌದೆಂದು ತಲೆಯಾಡಿಸಿದೆ. ಯಾರೂ ತೆರೆದು ನೋಡಲಿಲ್ಲ. ಕಡತ ಮುಚ್ಚಿತು.

ಅಂದಿನಿಂದ ರೇಣವ್ವ ಎಲ್ಲಿ ಸಿಕ್ಕರೂ “ದೊಡ್ಡವ್ವಾ” ಎಂದು ಕರೆದು ಮಾತಾಡಿಸುತ್ತಿದ್ದಳು. ನುಂಗುವ ದಿನ ಬಂತೆಂದರೆ ಓಣಿ ಓಣಿ ಸುತ್ತಿ, “ನಾ ಮಾಡಿದ್ದು ನೀವು ಮಾಡಬ್ಯಾಡ್ರಿ” ಎಂದು ಸಾರುವಳು. ಹತ್ತು ವರ್ಷ ನಾನದನ್ನು ಕೇಳಿಸಿಕೊಂಡು ಸುಮ್ಮನೆ ನಡೆದೆ. ಈ ವರ್ಷ ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯೊಬ್ಬಳು ಅತ್ತೆಗೆ ಅರ್ಧ ಲೋಟ ಹಾಲು ಕೊಟ್ಟುಬಿಟ್ಟಿದ್ದಳು. “ಅತ್ತೀನ ಕೊಲ್ಲಾಕ ಹೊಂಟೀಯೇನ?” ಎಂದು ರೇಣವ್ವ ಚೀರಿದಳು. ಆ ಹುಡುಗಿ ಅವಳ ಕಾಲಿಗೆ ಬಿದ್ದು, “ತಪ್ಪು ನಂದ, ಯಕ್ಕಾ” ಎಂದು ಅತ್ತಳು. ವಿಚಾರಣೆಯಲ್ಲಿ ರೇಣವ್ವ ಅತ್ತದ್ದೂ ಹೀಗೆಯೇ. ಅವರಿಬ್ಬರನ್ನೂ ನೋಡುತ್ತ ನಿಲ್ಲಲು ನನ್ನಿಂದ ಆಗಲಿಲ್ಲ.

ಅಂದೇ ಮಧ್ಯಾಹ್ನ ಆರು ಚಿತ್ರಗಳನ್ನು ತೆಗೆದುಕೊಂಡು ಅವಳ ಮನೆಗೆ ಹೋದೆ. ಬಣ್ಣದ ಬಟ್ಟಲುಗಳನ್ನು ಸರಿಸಿ ಅವಳ ಮುಂದೆ ಇಟ್ಟೆ.

“ಇವು ಅವತ್ತಿನವ?” ಎಂದಳು.

“ಅವತ್ತಿನವ. ಗಂಜಿಯಿಂದ ಏನೂ ಆಗಿಲ್ಲ ರೇಣವ್ವ. ನಾ ನೋಡಲಿಲ್ಲ.”

ಅವಳು ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದು ನೋಡಿದಳು. “ನನ್ನ ತಮ್ಮ ಈ ಮನಿ ಹೊಸ್ತಲಾ ತುಳಿಯೂದ ಬಿಟ್ಟಾನ. ಅವ್ವನ್ನ ನಾನ ಕೊಂದೆ ಅಂತ,” ಎಂದಳು. ಆರನ್ನೂ ಒಟ್ಟುಮಾಡಿ ಕೆಳಗಿಟ್ಟು, “ನೀವಿನ್ನ ಹೋಗ್ರಿ,” ಎಂದಳು. ದೊಡ್ಡವ್ವಾ ಎನ್ನಲಿಲ್ಲ.

ಮರುದಿನ ನಾನೇ ನೋಟಗಾರರ ಮಂಡಳಿಗೆ ಎಲ್ಲವನ್ನೂ ಬರೆದು ಕೊಟ್ಟೆ. ನನ್ನ ಕೆಲಸ ಹೋಯಿತು. ರೇಣವ್ವನ ತಪ್ಪೇನೂ ಇರಲಿಲ್ಲವೆಂದು ಓಣಿಯಲ್ಲಿ ಓದಿ ಹೇಳಿದರು. ಅವಳ ತಮ್ಮ ಮನೆಗೆ ಬಂದನಂತೆ. ಅವಳು ಬಾಗಿಲು ತೆರೆದಳೋ ಇಲ್ಲವೋ, ಕೇಳುವ ಮುಖ ನನಗಿಲ್ಲ.

ಹಿರಿಯರೇ, ಯಂತ್ರವನ್ನು ಎಷ್ಟು ಬೇಕಾದರೂ ಚುರುಕು ಮಾಡಿಕೊಳ್ಳಿ. ಅದರ ಬಗ್ಗೆ ನನ್ನ ತಕರಾರಿಲ್ಲ. ನಾನು ಬೇಡುವುದು ಇಷ್ಟೇ. ಸತ್ತವರ ಮನೆಯವರು ಯಾರಾದರೂ ನಿಮ್ಮೆದುರು ನಿಂತು ‘ತಪ್ಪು ನಂದೇ’ ಎಂದು ಅತ್ತಾಗ, ಸಮಾಧಾನದ ಮಾತು ಹೇಳುವುದಕ್ಕೂ ಮೊದಲು ಚಿತ್ರಗಳನ್ನು ತೆರೆಯಿರಿ. ಅವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ನೋಡಿ.