ಇನ್ನು ನಾಲ್ಕು ಇಟ್ಟಿಗೆ

ಮನೆ ಮಾಲೀಕರಿಗೆ ನಮಸ್ಕಾರ.

ಕೆಳಕೋಣೆಯ ಟೈಲರ್ ಬರೆಯುತ್ತಿದ್ದೇನೆ. ಚರಂಡಿಯ ಮೇಲೆ ಅಂಗಡಿಗಳು ಎದ್ದಮೇಲೆ ಇಲ್ಲಿ ಪ್ರತಿ ಮಳೆಗೂ ನೀರು ನಿಲ್ಲುತ್ತದೆ. ನಿಂತ ಮಟ್ಟಕ್ಕೆ ನಾನು ಗೋಡೆಗೆ ಎಳೆದಿದ್ದ ಚಾಕ್ ಗೆರೆಗಳ ಮೇಲೆ ನೀವು ಸುಣ್ಣ ಹೊಡೆಸಿದಿರಿ. ಈ ಕೋಣೆಗೆ ಬೇರೆಯವರು ಬಂದರೆ ನನಗೆ ಮಹಡಿ ಕೊಡುತ್ತೇನೆ ಎಂದಿರಿ. ನಾನೂ ಆಸೆಗೆ ಬಿದ್ದೆ.

ನಿನ್ನೆ ಕೋಣೆ ನೋಡಲು ಬಂದ ಹೆಂಗಸು, "ನೀರು ನುಗ್ಗುತ್ತಾ ಅಕ್ಕಾ?" ಎಂದಳು. ನೀವು ಹೇಳಿಕೊಟ್ಟಂತೆ, "ಒಂದು ಹನಿನೂ ಇಲ್ಲಮ್ಮಾ" ಎಂದುಬಿಟ್ಟೆ. ಅವಳು ನಂಬಿ, ಕಂಕುಳಲ್ಲಿದ್ದ ಕೂಸನ್ನು ನೆಲಕ್ಕಿಳಿಸಿದಳು. ಅದು ನನ್ನ ಮೆಷಿನ್ ಹಿಡಿದು ಎದ್ದು ನಿಂತಿತು. ಅಳತೆ ತೆಗೆಯುವ ಕಣ್ಣು ಸುಮ್ಮನಿರುವುದಿಲ್ಲ. ಹೋದ ತಿಂಗಳ ನೀರಿನ ಗೆರೆಗಿಂತ ಕೂಸು ಒಂದು ಗೇಣು ಗಿಡ್ಡ.

ಮಹಡಿ ಅವರಿಗೇ ಕೊಡಿ. ನನಗೆ ಮೆಷಿನ್ನಿನ ಕಾಲಡಿ ಈಗಿರುವ ಇಟ್ಟಿಗೆಗಳ ಮೇಲೆ ಒಂದೊಂದರಂತೆ ಇನ್ನು ನಾಲ್ಕು ಇಟ್ಟಿಗೆ ಕಳಿಸಿದರೆ ಸಾಕು.

ಇಷ್ಟೇ ಕೇಳಿಕೆ,
ಕೆಳಕೋಣೆಯವಳು