ನೀರು ಕೇಳಿದ ಧ್ವನಿಗೆ ಆಮೆನ್ ಎಂದವರು

ಕಡಲೇರು ಶಕ ನೂರ ಅರವತ್ತೆರಡು, ಎರಡನೆಯ ಮಳೆಗಾಲದ ನಾಲ್ಕನೆಯ ಕರ್ತನ ದಿನ
ಮೇಲ್ದಿಬ್ಬ

ಬಿಳಿಮಣಲು ದೇವಾಲಯದ ಮೊದಲ ಸಾಲಿನಲ್ಲಿ ಕುಳಿತಿರುವ, ಹೆಸರು ತಿಳಿಯದ ತಾಯಿಯವರಿಗೆ,

ಮೇಲೆ ಬರೆದ ದಿನಾಂಕವು ನಿಮ್ಮ ಯಾವ ಪಂಚಾಂಗದಲ್ಲಿಯೂ ಸಿಗದು. ಸಮುದ್ರವು ನಿಮ್ಮ ಊರನ್ನು ತೆಗೆದುಕೊಂಡ ವರ್ಷದಿಂದ ನಾವು ಕಾಲವನ್ನು ಎಣಿಸುತ್ತೇವೆ. ನೀವೀಗ ಕುಳಿತಿರುವ ಬೆಂಚಿನ ಮೇಲೆ ನಮ್ಮ ಕಾಲದಲ್ಲಿ ಮೀನುಗಳು ಮೊಟ್ಟೆಯಿಡುತ್ತವೆ. ಇನ್ನೂ ಹುಟ್ಟದವನೊಬ್ಬನು ನಿಮಗೆ ಪತ್ರ ಬರೆಯುವುದು ಅವಿವೇಕವೆಂದು ಬಲ್ಲೆ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ಅಪರಿಚಿತವಾಗಿ ತೋರಿದರೆ ಕ್ಷಮಿಸಬೇಕು. ಸಾವಿರ ವರುಷಗಳು ಯಾರಿಗೆ ಕಳೆದ ನಿನ್ನೆಯಂತಿವೆಯೋ ಆತನ ಕೈಯಲ್ಲಿ ಇದನ್ನು ಇಡುತ್ತಿದ್ದೇನೆ. ಆತನಿಗೆ ನಿಮ್ಮ ವಿಳಾಸ ಗೊತ್ತು.

ನಾವು ಬಿಳಿಮಣಲಿನಿಂದ ಬೆಟ್ಟ ಹತ್ತಿದವರ ಸಂತಾನ. ಇಲ್ಲಿ ಮಳೆ ಎರಡು ಸಲ ಬರುತ್ತದೆ, ಆದರೆ ಕುಡಿಯುವ ನೀರು ಅಪರೂಪ. ಬಾವಿಗಳಿಗೆ ಉಪ್ಪು ಏರಿದೆ. ಆದ್ದರಿಂದ ಪ್ರತಿಯೊಬ್ಬರಿಗೂ ದಿನದ ಪಾಲುನೀರು ಎಂಬುದಿದೆ. ಬೆಳಗ್ಗೆ ಊರ ತೊಟ್ಟಿಯಿಂದ ಒಬ್ಬೊಬ್ಬರಿಗೆ ಒಂದು ಕುಡಿಕೆ ಅಳೆದು ಕೊಡುತ್ತಾರೆ, ಸಂಜೆಯವರೆಗೆ ಅದೇ. ಮನೆಗೆ ಬಂದ ನೆಂಟರು ತಮ್ಮ ಕುಡಿಕೆಯನ್ನು ತಾವೇ ತರುವುದು ನಮ್ಮಲ್ಲಿ ಮರ್ಯಾದೆ. ಒಬ್ಬನ ಕುಡಿಕೆಯನ್ನು ಇನ್ನೊಬ್ಬನು ನೋಡುತ್ತ ಕುಳಿತರೆ ಪ್ರಾರ್ಥನೆ ನಡೆಯುವುದಿಲ್ಲವೆಂದು, ದೇವಾಲಯದ ಒಳಗೆ ನೀರು ತರಕೂಡದೆಂಬ ಕಟ್ಟಳೆಯನ್ನೂ ಹಿರಿಯರು ಮಾಡಿದ್ದಾರೆ. ಕುಡಿಕೆಗಳು ಹೊರಗಿನ ಜಗಲಿಯ ಮೇಲೆ ಸಾಲಾಗಿ ಕಾಯುತ್ತವೆ.

ನಿಮ್ಮ ದೇವಾಲಯದಿಂದ ನಮ್ಮವರು ತಂದದ್ದು ಒಂದೇ ವಸ್ತು. ಗಂಟೆಯನ್ನು ಹೊರಲಾಗಲಿಲ್ಲ. ತಂದದ್ದು ಸ್ವರಪೆಟ್ಟಿಗೆಯನ್ನು; ಮನುಷ್ಯನ ಧ್ವನಿಯನ್ನು ಹಿಡಿದಿಟ್ಟು ಮರಳಿ ನುಡಿಯುವ ಯಂತ್ರಕ್ಕೆ ನಾವಿಟ್ಟ ಹೆಸರಿದು. ಅದರಲ್ಲಿ ನಿಮ್ಮ ಸಭಾಪಾಲಕರಾದ ಜಯಶೀಲ ಕುಂದರ್ ಅಯ್ಯನವರ ಕೊನೆಯ ಓದು ಇದೆ. ಬಾವಿಯ ಬಳಿ ದಣಿದು ಕುಳಿತ ಕರ್ತನು ಸಮಾರ್ಯದ ಹೆಂಗಸನ್ನು ನೀರು ಕೇಳುವ ಭಾಗ ಅದು. ಪ್ರತಿ ಕರ್ತನ ದಿನದ, ಎಂದರೆ ಭಾನುವಾರದ, ಆರಾಧನೆಯು ಆ ಓದಿನಿಂದ ಮುಗಿಯುತ್ತದೆ. ಸಭೆ ಕೂಡದೆ ಪೆಟ್ಟಿಗೆಯನ್ನು ತೆರೆಯುವಂತಿಲ್ಲ. ಯೋನಾತಾನ ಅಮ್ಮಣ್ಣನೆಂಬ ನಾನು ಅದರ ಸ್ವರಪಾಲಕನು. ತೆರೆಯುವುದೂ ಮುಚ್ಚುವುದೂ ನನ್ನ ಕೆಲಸ.

ಅಯ್ಯನವರ ಓದು ಗಂಭೀರವಾದದ್ದು. ಒಂದು ಅಕ್ಷರವೂ ಸವೆಯದಂತೆ ಓದುತ್ತಾರೆ. ಕರ್ತನು ನೀರು ಕೇಳಿದ ವಾಕ್ಯ ಮುಗಿದ ಮೇಲೆ ಅವರು ನಿಲ್ಲುತ್ತಾರೆ. ಅನಂತರ, ಓದುವ ದನಿಯಲ್ಲಲ್ಲ, ಮನೆಯ ದನಿಯಲ್ಲಿ, ಮೆಲ್ಲಗೆ, "ಯಾರಾದ್ರೂ ಸ್ವಲ್ಪ ನೀರು ಕೊಡ್ತೀರಾ?" ಎನ್ನುತ್ತಾರೆ. ಆಗ ನಮ್ಮ ಸಭೆಯೆಲ್ಲ ಎದ್ದು ಒಂದೇ ಕಂಠದಿಂದ ಆಮೆನ್ ಎನ್ನುತ್ತದೆ. ನಿಮ್ಮ ಸಭೆಯೂ ಹಾಗೆಯೇ ಅಂದದ್ದು ಪೆಟ್ಟಿಗೆಯಲ್ಲಿದೆ. ನಾವು ಕಲಿತದ್ದು ನಿಮ್ಮಿಂದಲೇ. ಆಮೇಲೆ ಏನೋ ಉರುಳಿದ ಸದ್ದು. ಅಲ್ಲಿಗೆ ಪೆಟ್ಟಿಗೆ ಮೂಕ. ಅಯ್ಯನವರನ್ನು ಕರ್ತನು ಆ ಮಾತಿನ ಮೇಲೆಯೇ ಕರೆದುಕೊಂಡನೆಂದು ನಮ್ಮ ಮಕ್ಕಳಿಗೆ ಕಲಿಸುತ್ತೇವೆ. ಆ ಮಾತಿನ ಕುರಿತು ಸಭೆಗೆ ಉಪದೇಶಿಸಿದ, ನಾನು ಕೇಳಿರುವ ಪ್ರಸಂಗಗಳಿಗೆ ಲೆಕ್ಕವಿಲ್ಲ. ಅದು ಜೀವಜಲಕ್ಕಾಗಿ ಆತ್ಮದ ಮೊರೆ ಎಂದವರುಂಟು. ಅಯ್ಯನವರ ಬಾಯಿಂದ ಕರ್ತನೇ ಸಭೆಯನ್ನು ಕೇಳಿದನೆಂದು ಅತ್ತವರುಂಟು.

ಈ ಮಳೆಗಾಲದ ಮೊದಲಿಗೆ ಬಯಲುಸೀಮೆಯಿಂದ ರಾಹೇಲವ್ವ ಎಂಬ ವಿಧವೆ ನಮ್ಮ ಸಭೆಗೆ ಬಂದಳು. ಪೆಟ್ಟಿಗೆಯ ಓದನ್ನು ಅವಳು ಕೇಳಿದ್ದು ಅದೇ ಮೊದಲು. ನಾವು ಆಮೆನ್ ಎಂದು ಕುಳಿತುಕೊಳ್ಳುವಷ್ಟರಲ್ಲಿ ಅವಳು ಹೊರಗೋಡಿ, ಜಗಲಿಯಿಂದ ತನ್ನ ಕುಡಿಕೆಯನ್ನು ತಂದು, ದಿನದ ಪಾಲನ್ನೆಲ್ಲ ಲೋಟಕ್ಕೆ ಸುರಿದು ಪೆಟ್ಟಿಗೆಯ ಮುಂದಿಟ್ಟಳು. ನಮ್ಮ ಕಡೆ ತಿರುಗಿ, "ಅಜ್ಜಾರು ನೀರು ಕೇಳಾಕತ್ತಾರ, ನೀವು ಆಮೆನ್ ಅನಕೋಂತ ಕುಂತೀರಲ್ರೀ!" ಎಂದಳು. ಯಾರೋ ನಕ್ಕರು. ಬಹಳ ಮಂದಿ ಲೋಟವನ್ನೇ ನೋಡುತ್ತಿದ್ದರು.

ಹಿರಿಯರ ಮಂಡಳಿ ಕೂಡಿತು. ಹಿರಿಯರಲ್ಲಿ ಮೊದಲಿಗರಾದ ತಿಯೊಫಿಲ ಮಾಬೆನ್ನರು ಕೆಟ್ಟವರಲ್ಲ. ಆ ಓದನ್ನು ಕೇಳುವಾಗ ಪ್ರತಿ ಸಲವೂ ಕಣ್ಣೊರೆಸಿಕೊಳ್ಳುವವರು.

"ಎಂತದು ರಾಹೇಲವ್ವ, ನಮ್ಮ ಅಜ್ಜ ಪಿಜ್ಜಂದಿರಿಗೆಲ್ಲ ತಲೆ ಇರ್ಲಿಲ್ವಾ?" ಎಂದು ಅವರು ಕೇಳಿದರು.

"ತಲಿ ಇತ್ರೀ ಯಜಮಾನ್ರ. ಏಳಾಕ ಕಾಲಿರಲಿಲ್ಲ."

"ಅದು ಪ್ರಸಂಗ ಮಾರಾಯ್ತಿ! ನೀರಿನ ವಿಷಯ ಅಲ್ಲ."

"ಗಂಟಲಾ ಒಣಗಿದ್ದು ನನಗ ಕೇಳಿಸ್ತ್ರೀ. ನಿಮಗ ಪ್ರಸಂಗ ಕೇಳಿಸ್ತು."

ತೀರ್ಪಾಯಿತು. ಮುಂದಿನ ಕರ್ತನ ದಿನ, ಕರ್ತನ ನೆನಪಿಗೆ ರೊಟ್ಟಿ ಮುರಿದು ಸಭೆಯೆಲ್ಲ ಹಂಚಿಕೊಳ್ಳುವ ಪವಿತ್ರ ಭೋಜನವಿತ್ತು. ಅಂದು ಆ ಮಾತಿಗೆ ರಾಹೇಲವ್ವನು ಎಲ್ಲರಿಗೂ ಕೇಳುವಂತೆ ಆಮೆನ್ ಎನ್ನಬೇಕು. ಅನ್ನದಿದ್ದರೆ ಕರ್ತನ ಮೇಜಿನಲ್ಲಿ ಅವಳಿಗೆ ಪಾಲಿಲ್ಲ. ನಮ್ಮಲ್ಲಿ ಮೇಜಿನಿಂದ ಹೊರಗಾದವರಿಗೆ ಊರ ತೊಟ್ಟಿಯ ಸಾಲಿನಲ್ಲಿಯೂ ಯಾರೂ ಜಾಗ ಬಿಡುವುದಿಲ್ಲ. ಹಾಗೆಂದು ಕಟ್ಟಳೆಯೇನೂ ಇಲ್ಲ. ಆದರೆ ಹಾಗೆಯೇ ನಡೆಯುತ್ತದೆ. ರಾಹೇಲವ್ವನಿಗೆ ಹೋಗಲು ಬೇರೆ ಊರಿರಲಿಲ್ಲ.

ಆ ದಿನ ಬಂದಿತು. ನಾನು ಪೆಟ್ಟಿಗೆಯನ್ನು ತೆರೆದೆನು. ಅಯ್ಯನವರು ಓದಿದರು, ನಿಂತರು, ನೀರು ಕೇಳಿದರು. ಅವಳ ಆಮೆನ್ ಕೇಳಬೇಕೆಂದು ನಾವೆಲ್ಲರೂ ಬಾಯಿ ಮುಚ್ಚಿ ನಿಂತಿದ್ದೆವು. ಅವಳು ಅನ್ನಲಿಲ್ಲ. ನಮ್ಮ ಸಭೆ ಆ ಸ್ಥಳದಲ್ಲಿ ಸುಮ್ಮನಿದ್ದದ್ದು ಹುಟ್ಟಿದಂದಿನಿಂದ ಅದೇ ಮೊದಲು. ಹಾಗಾಗಿ, ನಮ್ಮ ಕೂಗಿನ ಅಡಿಯಲ್ಲಿ ಇಷ್ಟು ವರುಷ ಹೂತುಹೋಗಿದ್ದುದು ಮೇಲೆದ್ದು ಬಂದಿತು.

ಪೆಟ್ಟಿಗೆಯೊಳಗೆ ಒಂದು ಬೆಂಚು ಕಿರುಗುಟ್ಟಿತು. ಬಳೆಗಳ ಸದ್ದಾಯಿತು. ಯಾರೋ ಅರ್ಧ ಎದ್ದಂತಿತ್ತು. ಆಮೇಲೆ ಪಕ್ಕದಿಂದ ಒಂದು ಪಿಸುಮಾತು, ಸ್ಪಷ್ಟವಾಗಿ: "ಕೂತ್ಕೊ ಮಾರಾಯ್ತಿ. ಅದು ಪ್ರಸಂಗ." ಬಳೆಗಳು ಮತ್ತೊಮ್ಮೆ ಸದ್ದು ಮಾಡಿದವು. ಬೆಂಚು ಮತ್ತೊಮ್ಮೆ ಕಿರುಗುಟ್ಟಿತು. ಅನಂತರವೇ ನಿಮ್ಮ ಸಭೆಯ ಆಮೆನ್.

ತಿಯೊಫಿಲರು ತಮ್ಮ ಮಾತನ್ನೇ ಸತ್ತವರ ಬಾಯಲ್ಲಿ ಕೇಳಿಸಿಕೊಂಡರು. ರೊಟ್ಟಿಯ ತಟ್ಟೆಯನ್ನು ಎತ್ತಿಕೊಂಡರು. ಭೋಜನದ ವಾಕ್ಯಗಳನ್ನು ಹೇಳಲು ಬಾಯಿ ತೆರೆದರೆ ದನಿಯೇ ಹೊರಡಲಿಲ್ಲ. ರಾಹೇಲವ್ವ ಹೊರಗೆ ಹೋಗಿ ತನ್ನ ಕುಡಿಕೆಯನ್ನು ತಂದು, "ಕುಡೀರಿ ಯಜಮಾನ್ರ, ಆಮ್ಯಾಲ ಹೇಳೀರಂತ" ಎಂದಳು. ಅವರು ಕುಡಿದರು. ದೇವಾಲಯದೊಳಗೆ ಒಬ್ಬ ಮನುಷ್ಯನು ನೀರು ಕುಡಿಯುವ ಸದ್ದನ್ನು ನಮ್ಮಲ್ಲಿ ಯಾರೂ ಅದುವರೆಗೆ ಕೇಳಿರಲಿಲ್ಲ. ರೊಟ್ಟಿಯ ಮೊದಲ ತುಂಡನ್ನು ಅವರು ಕೊಟ್ಟದ್ದು ಅವಳಿಗೆ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಈ ಪತ್ರವನ್ನು ಬರೆಯುತ್ತಿರಲಿಲ್ಲ. ಪೆಟ್ಟಿಗೆ ಈಗಲೂ ಪ್ರತಿ ವಾರ ತೆರೆಯುತ್ತದೆ. ಆಮೆನ್ ಎನ್ನಲು ಯಾರಿಗೂ ನಾಲಿಗೆ ಏಳುವುದಿಲ್ಲ. ಅಯ್ಯನವರು ಕೇಳುತ್ತಾರೆ, ನಾವು ಲೋಟವನ್ನಿಡುತ್ತೇವೆ, ಅದು ತುಂಬಿಯೇ ಉಳಿಯುತ್ತದೆ. ಕೊನೆಗೆ ಹೊರಗಿನ ಗಿಡಕ್ಕೆ ಸುರಿಯುತ್ತೇವೆ. ಬಾಯಾರಿದವನಿಗೆ ಕೊಟ್ಟದ್ದು ನನಗೇ ಕೊಟ್ಟದ್ದೆಂದು ನುಡಿದಾತನ ಮುಂದೆ, ಬಾಯಾರಿಕೆಯನ್ನೇ ಸ್ತೋತ್ರ ಮಾಡಿಕೊಂಡ ನಾವು ನಿಂತಿದ್ದೇವೆ. ನಮ್ಮ ನೀರು ಅಯ್ಯನವರಿರುವ ಕಾಲದಷ್ಟು ದೂರ ಹರಿಯಲಾರದು. ನಿಮ್ಮದು ಹರಿದೀತು. ನೀವು ಅಲ್ಲಿಯೇ ಇದ್ದೀರಿ.

ಆದ್ದರಿಂದ, ತಾಯೀ, ಅರ್ಧ ಎದ್ದವರೇ, ನನ್ನ ಬಿನ್ನಹವಿಷ್ಟು. ಪಕ್ಕದವರು ಸೆರಗು ಹಿಡಿದರೆ ಬಿಡಿಸಿಕೊಳ್ಳಿ. ಪ್ರಸಂಗ ಕೆಟ್ಟರೆ ಕೆಡಲಿ. ನೀರು ಕೊಟ್ಟರೆ ಅಯ್ಯನವರು ಬದುಕುತ್ತಾರೆಂದು ನಾನು ಹೇಳಲಾರೆ. ಒಣಗಿದ ಗಂಟಲಿನಲ್ಲಿ ಪ್ರಾಣ ಬಿಡುವುದಿಲ್ಲ ಎಂದಷ್ಟೇ ಹೇಳಬಲ್ಲೆ. ಪೂರ್ತಿ ಏಳಿ.

ಬರುವ ಕರ್ತನ ದಿನ ನಾನು ಪೆಟ್ಟಿಗೆಯನ್ನು ತೆರೆದು, ಬಳೆಗಳ ಸದ್ದಾದ ಮೇಲೆ ಹೆಜ್ಜೆಯ ಸದ್ದು ಬರುವುದೇ ಎಂದು ಕಿವಿಗೊಟ್ಟು ನಿಂತಿರುತ್ತೇನೆ.

ಕರ್ತನಲ್ಲಿ ನಿಮ್ಮವನಾದ
ಯೋನಾತಾನ ಅಮ್ಮಣ್ಣ